ಟೆರಿಕ್ಯುಲಮೆಂಟ್ ಪಾಠ ಮಾಡಿದ ದಿನ

ಕಾರವಾರದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುವ ನನಗೆ, ಯಾರಿಗೂ ಬೇಡವಾದ ಶಬ್ದಗಳನ್ನು ಹೆಕ್ಕಿ ತಂದು ಜಂಬ ಕೊಚ್ಚಿಕೊಳ್ಳುವ ಚಟ. ಕಳೆದ ವರ್ಷ ಡಿಗ್ರಿ ಎರಡನೇ ವರ್ಷದವರಿಗೆ ‘ಟೆರಿಕ್ಯುಲಮೆಂಟ್’ ಎಂದು ಬೋರ್ಡಿನ ಮೇಲೆ ಬರೆದೆ. ಹೆದರಿಸುವ ವಸ್ತು ಎಂದರ್ಥ. ಇಂಗ್ಲಿಷರೇ ಮರೆತ ಶಬ್ದ. ಲ್ಯಾಟಿನ್ನಿನಲ್ಲಿ ‘ಟೆರ್ರೇರೆ’ ಎಂದರೆ ಹೆದರಿಸುವುದು. ಅದರಿಂದ ‘ಟೆರಿಕ್ಯುಲುಮ್’, ಹೆದರಿಸಲು ಬಳಸುವ ಸಾಧನ. ಅದಕ್ಕೆ ಇನ್ನೊಂದು ಬಾಲ ಸೇರಿ ಈ ಶಬ್ದ. ರೋಮಿನ ದೆವ್ವ, ಪಿಶಾಚಿ ಎಂದೆಲ್ಲ ಮುಕ್ಕಾಲು ಗಂಟೆ ಕೊರೆದೆ.

ಅಂಕೋಲೆಯ ಕೇಣಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳು ಮುಂದಿನ ಬೆಂಚಿನಿಂದ ಎದ್ದಳು. “ಸರ್, ನಮ್ಮಲ್ಲಿ ಮೀನು ಒಣಗ್ಸೂ ಕಡೆ ಕಾಗೆ ಬರ್ಬಾರ್ದು ಹೇಳಿ ಸತ್ತ ಕಾಗೆ ಒಂದು ಕೋಲಿಗೆ ಕಟ್ಟಿ ಇಡ್ತರು. ಅಂಥಾದ್ದಾ?”

“ರೋಮಿನಿಂದ ಸೀದಾ ಒಣಮೀನಿಗೆ ಇಳಿಸಿದೆಯಲ್ಲ ಮಾರಾಯ್ತಿ” ಎಂದು ನಾನು ಮೂಗು ಮುಚ್ಚಿಕೊಂಡೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳೂ ಸ್ವಲ್ಪ ನಕ್ಕು ಕೂತಳು.

ಸ್ಟಾಫ್‌ರೂಮಿನಲ್ಲಿ ನಿಘಂಟು ತೆರೆದರೆ ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ತಾನಾಗಿ ಏನೂ ಮಾಡಲಾರದ, ಹೆದರಿಸಲೆಂದೇ ಇಟ್ಟ ವಸ್ತು ಎಂದಿತ್ತು. ಅವಳು ಹೇಳಿದ್ದು ಅಕ್ಷರಶಃ ಸರಿ. ಮುಕ್ಕಾಲು ಗಂಟೆಯಲ್ಲಿ ನನ್ನಿಂದ ಆಗದ್ದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ನಾಳೆ ಕ್ಲಾಸಿನಲ್ಲೇ ಒಪ್ಪಿಕೊಳ್ಳೋಣ ಅಂದುಕೊಂಡೆ. ಮರುದಿನ ಅವಳು ಕೊನೆಯ ಬೆಂಚಿನಲ್ಲಿದ್ದಳು. ನಾನು ಹಾಜರಿ ಕರೆದು ಮುಂದಿನ ಪಾಠ ತೆರೆದೆ.

ಮೂರನೇ ವರ್ಷಕ್ಕೆ ಇಂಗ್ಲಿಷನ್ನೇ ಆರಿಸಿಕೊಳ್ಳುತ್ತೇನೆ, ಮುಂದೆ ಎಂ.ಎ. ಮಾಡುತ್ತೇನೆ ಎಂದು ಓಡಾಡುತ್ತಿದ್ದವಳು ಅರ್ಜಿಯಲ್ಲಿ ಅರ್ಥಶಾಸ್ತ್ರ ಎಂದು ಬರೆದುಕೊಟ್ಟಳು. ಬದಲಿಸಲು ಇನ್ನೂ ಒಂದು ವಾರವಿತ್ತು. ತಪ್ಪು ನನ್ನದು ಎಂದು ಹೇಳಿ ಅವಳನ್ನು ಕರೆತರಬೇಕೆಂದು ಭಾನುವಾರ ಕೇಣಿಗೆ ಹೋದೆ.

ಅವಳಿರಲಿಲ್ಲ. ಅವಳ ತಾಯಿ ಅಂಗಳದಲ್ಲಿ ಬಂಗಡೆ ಮೀನು ಒಣಗಿಸುತ್ತಿದ್ದರು. ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಎಂದದ್ದೇ ತಡ, ಕೈ ಒರೆಸಿಕೊಂಡು ಎದ್ದು ನಿಂತರು.

“ನಮ್ಮ ಹುಡ್ಗಿ ನಿಮ್ಮ ಸುದ್ದಿ ಯಾವಾಗ್ಲೂ ಹೇಳ್ತದೆ. ಸರ್ ಪಾಠ ಚಲೋ ಮಾಡ್ತರು, ತನ್ನ ತಲೆಗೇ ಹತ್ತೂದಿಲ್ಲ ಹೇಳಿ. ಹೌದಾ ಸರ್?”

ಅವರು ನಿಜವಾಗಿ ಕೇಳುತ್ತಿದ್ದರು. ಅಲ್ಲ ಎಂಬ ಒಂದು ಮಾತು ಸಾಕಿತ್ತು. ಆದರೆ ಅಲ್ಲ ಎಂದರೆ ಉಳಿದದ್ದನ್ನೂ ಹೇಳಬೇಕಿತ್ತು.

“ಇಂಗ್ಲಿಷ್ ಎಲ್ಲರಿಗೂ ಹತ್ತುವುದಿಲ್ಲ ಬಿಡಿ” ಎಂದೆ.

ಅವರು ತಲೆಯಾಡಿಸಿದರು. ಇಷ್ಟು ದೂರ ಬಂದಿದ್ದೀರಿ ಎಂದು ದೊಡ್ಡ ದೊಡ್ಡ ಬಂಗಡೆಗಳನ್ನೇ ಆರಿಸಿ ತೆಗೆದರು. ನಾನು ಚೀಲ ಬಿಡಿಸಿ ಹಿಡಿದೆ.