ಅಕ್ಕಿ ಗಿರಣಿಯ ನೀರುಗಂಟಿ

"ಸರ್, ಇದನ್ನ ನೀವು ನಿಜವಾದ ಕೋಡ್‌ನಾಗ ಎಲ್ಲಾರ ನೋಡೀರೇನ್ರಿ?"

ಈ ಪ್ರಶ್ನೆ ಕೇಳಿದವಳು ರೇಣುಕಾ. ಸಂಡೂರಿನಿಂದ ದಿನಾ ಬಸ್ಸಿನಲ್ಲಿ ಹೊಸಪೇಟೆಯ ನಮ್ಮ ಕಾಲೇಜಿಗೆ ಬಂದು ಓದುವ ಹುಡುಗಿ. ಎರಡನೇ ಬೆಂಚು, ಮಾತು ಕಡಿಮೆ. ನಾನು ಆಗಷ್ಟೇ ಬೋರ್ಡಿನ ಮೇಲೆ ಒಂದು ವಿಮಾನ ನಿಲ್ದಾಣ ಬರೆದು ಮುಗಿಸಿದ್ದೆ. ನಾಲ್ಕು ವಿಮಾನ, ನಡುವೆ ಒಂದು ಟವರ್. (ವಿಮಾನಗಳು ಬಾಳೆಕಾಯಿ ಥರ ಕಾಣುತ್ತಿದ್ದವು, ಅದು ಬೇರೆ ಮಾತು.)

ಹದಿನೆಂಟು ವರ್ಷದಿಂದ ಇದೇ ಪಾಠ ಮಾಡುತ್ತಿದ್ದೇನೆ. ಡಿಸೈನ್ ಪ್ಯಾಟರ್ನ್. ಪ್ರತಿ ವರ್ಷ ಉದಾಹರಣೆಗೆ ಅದೇ ಟವರು, ಅದೇ ಪಿಜ್ಜಾ ಅಂಗಡಿ, ಅದೇ ಕಾಫಿ ಮಷೀನು. ರೇಣುಕಾಗೆ ಕೊಡಬೇಕಾಗಿದ್ದ ಪ್ರಾಮಾಣಿಕ ಉತ್ತರ ಒಂದೇ ಒಂದು ಪದದ್ದು: ಇಲ್ಲ.

ಕೊಟ್ಟೆನಾ? ಎಲ್ಲಿಂದ. "ಮುಂದಿನ ವಾರ ತೋರಿಸ್ತೀನಿ, ಕುಂದ್ರು" ಅಂದೆ.

ಕಂಪ್ಯೂಟರ್ ಅಂದರೆ ಓಡಿಹೋಗುವ ಓದುಗರು ದಯವಿಟ್ಟು ಕೂತಿರಿ, ಎರಡೇ ಮಾತು. ಪ್ರೋಗ್ರಾಮು ಬರೆಯುವವರಿಗೆ ಕೆಲವು ಫಜೀತಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಊರು ಬೇರೆ, ಕೆಲಸ ಬೇರೆ, ಫಜೀತಿ ಮಾತ್ರ ಅದೇ. ಅದನ್ನು ಬಿಡಿಸಿಕೊಂಡ ಜಾಣರ ದಾರಿಗಳನ್ನು ಯಾರೋ ಪುಣ್ಯಾತ್ಮರು ಒಟ್ಟು ಮಾಡಿ ಒಂದೊಂದಕ್ಕೆ ಒಂದೊಂದು ಹೆಸರಿಟ್ಟರು. ಅವೇ ಪ್ಯಾಟರ್ನ್‌ಗಳು. ಇಷ್ಟೇ.

ಆ ವಾರವೆಲ್ಲ ನಾನು ಹುಡುಕಿದ್ದೇ ಹುಡುಕಿದ್ದು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಕೋಡೆಲ್ಲ ತೆರೆದೆ. ಒಂದರಲ್ಲಿ 'ಫ್ಯಾಕ್ಟರಿ' ಅಂತ ಪ್ಯಾಟರ್ನೊಂದರ ದೊಡ್ಡ ಹೆಸರಿತ್ತು, ಒಳಗೆ ಏನೂ ತಯಾರಾಗುತ್ತಿರಲಿಲ್ಲ. ಇನ್ನೊಂದರಲ್ಲಿ ಪ್ಯಾಟರ್ನ್ ತೋರಿಸಲಿಕ್ಕೆಂದೇ ಪ್ರೋಗ್ರಾಮು ಬರೆದಿದ್ದರು. ಮತ್ತೆ ಅದೇ ಪಿಜ್ಜಾ. ಸಂಡೂರಿನ ಗಣಿಯೊಂದರ ಕಂಪ್ಯೂಟರ್ ವಿಭಾಗದಲ್ಲಿರುವ ಹಳೇ ಶಿಷ್ಯನಿಗೆ ಫೋನ್ ಮಾಡಿದರೆ, "ಸರ್, ನಮ್ಗ ಪಾಸ್‌ವರ್ಡ್ ಕೊಡ್ತಾರ, ಕೋಡ್ ಯಾರು ತೋರಸ್ತಾರ್ರಿ" ಅಂದ. ಹೌದಲ್ಲ. ಅಡುಗೆ ಕಲಿಸುವವನಿಗೆ ಯಾರ ಮನೆಯ ಅಡುಗೆಮನೆಯೊಳಕ್ಕೂ ಪ್ರವೇಶವಿಲ್ಲ.

ಶನಿವಾರ ಕಂಪ್ಲಿಯಿಂದ ಕೊಟ್ರಪ್ಪನ ಫೋನು ಬಂತು. ಕೊಟ್ರಪ್ಪ ನನ್ನ ಹೈಸ್ಕೂಲ್ ದೋಸ್ತ, ಈಗ ಅಕ್ಕಿ ಗಿರಣಿಯ ಮಾಲೀಕ.

"ಲೇ ಮಾಸ್ತರ, ನಾಳೆ ಖಾಲಿ ಅದಿಯೇನು? ಒಂದು ಪ್ರೋಗ್ರಾಮ್ ನೋಡಿ ಹೇಳ್ಬೇಕು. ಇಟ್ಕೊಳ್ಲೋ, ತೆಗೀಲೋ. ನೀ ತೆಗಿ ಅಂದ್ರ ತೆಗೀತೀನಿ."

ವಿಷಯ ಇಷ್ಟು. ಅವನ ಗಿರಣಿಯ ಮಷೀನುಗಳನ್ನೆಲ್ಲ ಆರು ವರ್ಷದಿಂದ ಒಂದು ಪ್ರೋಗ್ರಾಮು ನಡೆಸುತ್ತಿದೆ. ಬರೆದವಳು ಅಲ್ಲೇ ಕೆಲಸ ಮಾಡುವ ಪಂಪಾವತಿ. ಈಗ ಹೊಸ ಮಷೀನು ಮಾರಲು ಬಂದ ಕಂಪನಿಯೊಂದರ ಎಂಜಿನಿಯರ್, ಜೊತೆಗೆ ತಮ್ಮದೇ ಸಾಫ್ಟ್‌ವೇರ್ ಪ್ಯಾಕೇಜ್ ಹಾಕಿಸಿಕೊಳ್ಳಿ ಎಂದಿದ್ದಾನೆ. ಹಳೇ ಕೋಡ್ ನೋಡಿ ನಕ್ಕನಂತೆ. ಹೆಸರುಗಳು ಅರ್ಥವಾಗುವುದಿಲ್ಲ, ಒಂದು ಲೂಪ್ ಉಲ್ಟಾ ಓಡುತ್ತದೆ, ಬರೆದವರಿಗೆ ಡಿಸೈನ್ ಗೊತ್ತಿಲ್ಲ ಅಂದನಂತೆ.

"ತೆಗೆದ್ರ ಆ ಪಂಪಾವತಿ?" ಕೇಳಿದೆ.

"ಪ್ಯಾಕಿಂಗ್‌ಗೆ ಹಾಕ್ತೀನಿ. ಚೀಲ ಹೊಲಿಯೋ ಕಡೆ ಆಳು ಕಮ್ಮಿ ಅದಾರ."

ಒಂದು ಮಾತು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಭಾನುವಾರ ಬೆಳಿಗ್ಗೆ ಚಿತ್ತವಾಡ್ಗಿಯ ಮನೆಯಿಂದ ಬೈಕ್ ಹೊರಡಿಸುವಾಗಲೇ ನಾನು ತೀರ್ಮಾನ ಮಾಡಿಯಾಗಿತ್ತು. ಕೊಟ್ರಪ್ಪನೇ ಹೇಳಿದಂತೆ ಪಿಯುಸಿ ಓದಿ, ಆರು ತಿಂಗಳ ಜಾವಾ ಕೋರ್ಸ್ ಮಾಡಿದ ಹೆಣ್ಣುಮಗಳು ಆರು ಮಷೀನು ನಡೆಸುವ ಪ್ರೋಗ್ರಾಮು ಬರೆದಿದ್ದಾಳೆ ಅಂದರೆ ಅದು ಹೇಗಿರಬಹುದು? ಒಳ್ಳೆಯ ಮಾತಿನಲ್ಲಿ 'ತೆಗಿ' ಅಂತ ಹೇಗೆ ಹೇಳುವುದು ಎಂಬುದಷ್ಟೇ ನನ್ನ ಯೋಚನೆ. ಕಮಲಾಪುರ ದಾಟಿ ಬುಕ್ಕಸಾಗರದ ಗದ್ದೆಗಳ ನಡುವೆ ಹೋಗುವಾಗ ಕಾಲುವೆ ಪಕ್ಕದಲ್ಲೇ ಹರಿಯುತ್ತಿತ್ತು. ಅದರ ಕಡೆ ನೋಡಲೂ ಇಲ್ಲ.

ಪಂಪಾವತಿ ನಲವತ್ತರ ಆಸುಪಾಸಿನ ಹೆಂಗಸು. ಕಂಟ್ರೋಲ್ ರೂಮಿನ ಗಾಜಿನ ಮೇಲೆಲ್ಲ ತೌಡಿನ ಪುಡಿ. ನಾನು ಯಾಕೆ ಬಂದಿದ್ದೇನೆಂದು ಅವಳಿಗೆ ಗೊತ್ತಿತ್ತು. "ಬರ್ರಿ ಸರ್, ಕುಂದ್ರಿ" ಅಂದು ಕುರ್ಚಿ ಒರೆಸಿ, ಕೋಡ್ ತೆರೆದಿಟ್ಟು, ಕೈಕಟ್ಟಿ ಗೋಡೆಗೆ ಒರಗಿ ನಿಂತಳು. ಆ ನಿಲುವು ನನಗೆ ಗೊತ್ತು, ವೈವಾದ ದಿನ ನನ್ನ ಎದುರು ಹುಡುಗರು ಹಾಗೇ ನಿಲ್ಲುತ್ತಾರೆ.

ಓದತೊಡಗಿದೆ. ಮಷೀನಿಗೊಂದು ಕ್ಲಾಸು, ಅಂದರೆ ಪ್ರೋಗ್ರಾಮಿನೊಳಗಿನ ಒಂದು ಸ್ವತಂತ್ರ ತುಂಡು. ಭತ್ತ ನೆನೆಸುವ ತೊಟ್ಟಿ, ಬಾಯ್ಲರ್, ಡ್ರೈಯರ್, ಹೊಟ್ಟು ಬಿಡಿಸುವುದು, ಪಾಲಿಶ್, ಕೊನೆಗೆ ಕಪ್ಪು ಅಕ್ಕಿ ಆರಿಸಿ ಬಿಸಾಕುವ ಸಾರ್ಟರ್. ಆರು. ಪ್ರತಿಯೊಂದರಲ್ಲೂ ಎರಡೇ ಮಾತು, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ: 'ಬೇಕು', 'ಸಾಕು'. ಹೊಟ್ಟೆ ಖಾಲಿಯಾದರೆ ಬೇಕು, ತುಂಬಿದರೆ ಸಾಕು.

ವಿಚಿತ್ರ ಎನಿಸಿತು. ಡ್ರೈಯರ್ ಎಲ್ಲೂ ಪಾಲಿಶ್ ಮಷೀನಿನ ಹೆಸರು ಎತ್ತುವುದಿಲ್ಲ. ಪಾಲಿಶ್‌ಗೆ ಸಾರ್ಟರ್ ಎಂಬುದೊಂದು ಇದೆ ಅಂತಲೇ ಗೊತ್ತಿಲ್ಲ. ಎಲ್ಲವೂ ತಮ್ಮ ಬೇಕು ಸಾಕುಗಳನ್ನು ಹೇಳಿಕೊಳ್ಳುವುದು ಏಳನೇ ಕ್ಲಾಸ್ ಒಂದಕ್ಕೆ ಮಾತ್ರ. ಅದರ ಹೆಸರು 'ನೀರುಗಂಟಿ'.

"ಇದೇನ್ರೀ ಹೆಸರು?"

"ನಮ್ಮಪ್ಪ ಬುಕ್ಕಸಾಗರದಾಗ ನೀರುಗಂಟಿ ಇದ್ರು ಸರ್. ಕಾಲುವಿ ನೀರು ಪಾಳಿ ಪ್ರಕಾರ ಗದ್ದಿಗೆ ಬಿಡೋರು." ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. "ಮೊದ್ಲು ನಾನೂ ಒಂದು ಮಷೀನಿಂದ ಇನ್ನೊಂದಕ್ಕ ಹೇಳೋ ಹಂಗ ಬರ್ದಿದ್ನಿ. ಡ್ರೈಯರ್ ಎಲ್ಲಾರ್ಗೂ ಹೇಳ್ತಿತ್ತು, ಎಲ್ಲಾರೂ ಡ್ರೈಯರ್‌ಗೆ ಹೇಳ್ತಿದ್ರು. ಒಂದು ಬದಲಿ ಮಾಡಿದ್ರ ಐದು ಕೆಡ್ತಿದ್ವು. ತಲಿ ಕೆಟ್ಟು ಅಪ್ಪನ ಮುಂದ ಕುಂತ್ನಿ. ಅವ್ರು ಅಂದ್ರು, ಗದ್ದಿಯೋರು ಗದ್ದಿಯೋರು ಮಾತಾಡಿದ್ರ ಜಗಳ ಆಕ್ಕೈತವಾ. ಒಬ್ಬರ ತೂಬಿಗೆ ಇನ್ನೊಬ್ಬ ಕೈ ಹಾಕಬಾರ್ದು. ಎಲ್ಲಾರೂ ನನಗ ಹೇಳ್ಲಿ, ಬಿಡೋದು ಮುಚ್ಚೋದು ನಾ ನೋಡ್ಕೊಂತೀನಿ. ಅದನ್ನ ಹಂಗ ಬರ್ದೀನ್ರಿ."

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇದು ಮೀಡಿಯೇಟರ್ ಪ್ಯಾಟರ್ನ್, ವಿಮಾನಗಳು ತಮ್ಮತಮ್ಮಲ್ಲಿ ಮಾತಾಡದೆ ನಡುವಿನ ಟವರಿಗೆ ಮಾತ್ರ ಹೇಳುವ ಏರ್ಪಾಡು. ಹದಿನೆಂಟು ವರ್ಷ ಬಾಳೆಕಾಯಿ ವಿಮಾನ ಬರೆದು ನಾನು ಕಲಿಸುತ್ತಿದ್ದದ್ದು ಇದನ್ನೇ. ಪುಸ್ತಕದ ಹೊರಗೆ, ಒಂದು ನಿಜವಾದ ಕೆಲಸದ ಮೈಮೇಲೆ, ಮೊದಲ ಬಾರಿಗೆ ನೋಡುತ್ತಿದ್ದೆ. ಎದೆ ಸುಮ್ಮನೆ ಹೊಡೆದುಕೊಂಡಿತು. ನಗಬೇಡಿ. ಪಕ್ಷಿ ವೀಕ್ಷಕರಿಗೆ ಅಪರೂಪದ ಹಕ್ಕಿ ಕಂಡಾಗ ಹೀಗೇ ಆಗುತ್ತದಂತೆ.

ಆದರೂ ಮಾಸ್ತರಿಕೆ ಬಿಡಬೇಕಲ್ಲ. "ಈ ನೀರುಗಂಟಿ ಕ್ಲಾಸ್ ಭಾಳ ಉದ್ದ ಆಗೇತಲ್ರಿ" ಅಂದೆ. ಮೀಡಿಯೇಟರ್‌ನ ದೋಷವೇ ಅದು, ಎಲ್ಲ ಹೊರೆ ಅದರ ತಲೆ ಮೇಲೆ. ಪರೀಕ್ಷೆಯಲ್ಲಿ ಬರೆದರೆ ಎರಡು ಮಾರ್ಕ್ಸು.

"ಹೌದ್ರಿ. ನಮ್ಮಪ್ಪಗೂ ಹಂಗ ಆಗ್ತಿತ್ತು. ಕಾಲುವಿ ಉದ್ದ ಆದ್ರ ಇಬ್ರು ನೀರುಗಂಟಿ ಬೇಕ್ರಿ" ಅಂದಳು. ಎರಡು ಮಾರ್ಕ್ಸು ಅವಳ ಪಾಲಾಯಿತು.

ಆಮೇಲೆ ಆ ಉಲ್ಟಾ ಲೂಪ್ ಸಿಕ್ಕಿತು. ಎಂಜಿನಿಯರ್ ಹೇಳಿದ್ದು ಸುಳ್ಳಲ್ಲ. ನೀರುಗಂಟಿ ಮಷೀನುಗಳನ್ನು ವಿಚಾರಿಸುವುದು ಕೊನೆಯಿಂದ. ಮೊದಲು ಸಾರ್ಟರ್‌ಗೆ ಬೇಕೋ ಸಾಕೋ ಕೇಳುತ್ತದೆ, ಆಮೇಲೆ ಪಾಲಿಶ್, ಹೀಗೆ ಹಿಂದಕ್ಕೆ ಹಿಂದಕ್ಕೆ ಬಂದು ಕಟ್ಟಕಡೆಗೆ ತೊಟ್ಟಿ. ಭತ್ತ ಮುಂದಕ್ಕೆ ಹೋಗುತ್ತದೆ, ಪ್ರಶ್ನೆ ಹಿಂದಕ್ಕೆ ಬರುತ್ತದೆ. ಇದು ತಪ್ಪಿರಬೇಕು ಅಂದುಕೊಂಡೆ. ಪಾಪ, ಒಂದು ಕಡೆ ಎಡವಿದ್ದಾಳೆ.

"ಇದು ಯಾಕ ಹಿಂದಿನಿಂದ?"

"ಕಾಲುವಿ ಕೊನೀ ಗದ್ದಿಗೆ ಮೊದ್ಲ ಪಾಳಿ ಸರ್. ನಮ್ಮಪ್ಪನ ಲೆಕ್ಕ ಅದು. ಮ್ಯಾಲಿನೋರ ಮುಂದ ನೀರು ಹೆಂಗೂ ಹಾದು ಹೋಗಬೇಕು, ಅವ್ರಿಗೆ ಸಿಕ್ಕೇ ಸಿಗ್ತದ. ಮ್ಯಾಲಿಂದ ಕೇಳ್ಕೊಂತ ಬಂದ್ರ ಕೊನಿಯವಗ ಹೊತ್ತು ಮುಳುಗ್ತೈತಿ." ಸ್ಕ್ರೀನಿನ ಕಡೆ ಬೆರಳು ತೋರಿಸಿ, "ಇಲ್ಲೂ ಅಷ್ಟರಿ. ಸಾರ್ಟರ್ ತುಂಬಿರೋದು ಗೊತ್ತಿಲ್ದ ಮ್ಯಾಲಿಂದ ಬಿಟ್ರ ಅಕ್ಕಿ ಎಲ್ಲಿಗೆ ಹೋಗ್ಬೇಕ್ರಿ? ಮೊದ್ಲು ತುದಿ ಕೇಳ್ಬೇಕು" ಅಂದಳು.

ಆ ಸಾಲನ್ನು ಇನ್ನೊಮ್ಮೆ ಓದಿದೆ. ದೊಡ್ಡ ಕಾರ್ಖಾನೆಗಳಲ್ಲಿ ಮಷೀನು ಸಾಲನ್ನು ತುದಿಯಿಂದ ಶುರು ಮಾಡಬೇಕೆಂಬುದು ನಿಯಮ. ಓದಿದ್ದೆ, ಮರೆತಿದ್ದೆ. ನನ್ನ ಟವರ್ ಪಾಠದಲ್ಲಿ ಯಾರನ್ನು ಮೊದಲು ಕೇಳಬೇಕು ಅನ್ನುವ ಪ್ರಶ್ನೆಯೇ ಬಂದಿರಲಿಲ್ಲ. ಕೊನೆಯವನನ್ನು ಮೊದಲು ಕೇಳು. ಕಾಲುವೆ ದಂಡೆಯ ನ್ಯಾಯವೊಂದು ಒಂದು ಸಾಲು ಜಾವಾ ಆಗಿ ನನ್ನೆದುರು ಕೂತಿತ್ತು. (ಮರುದಿನ ಕ್ಲಾಸಿನಲ್ಲಿ ಇದನ್ನು ಹೇಳಿದಾಗ ರೇಣುಕಾ ನೋಟ್ಸ್ ಬರೆಯುವುದನ್ನು ನಿಲ್ಲಿಸಿ, "ಅವ್ರನ್ನ ಇಲ್ಲಿಗೆ ಕರಸ್ರಿ ಸರ್" ಅಂದಳು. ನನ್ನ ಪಾಠಕ್ಕೆ ಹಾಗೆ ಯಾರೂ ಪೆನ್ನು ಕೆಳಗಿಟ್ಟಿದ್ದಿಲ್ಲ.)

ಇಷ್ಟಕ್ಕೇ ಮುಗಿದಿದ್ದರೆ ನಾನು ಒಂದು ಒಳ್ಳೆಯ ಉದಾಹರಣೆ ಹಿಡಿದುಕೊಂಡು ಮನೆಗೆ ಹೋಗುತ್ತಿದ್ದೆ. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಹುಸೇನಪ್ಪ ಬಂದ. ಡ್ರೈಯರ್ ನೋಡಿಕೊಳ್ಳುವ ಮನುಷ್ಯ, ಮೈಯೆಲ್ಲ ಬೆವರು, ಹೆಗಲ ಮೇಲೆ ಟವೆಲ್.

"ಪಂಪಮ್ಮ, ನೀರುಗಂಟಿ ನನ್ನ ಯಾಕ ನಿಲ್ಲಿಸ್ಯಾನ?"

"ಕೊನೀದು ಸಾಕು ಅಂದೈತಿ. ಸಾರ್ಟರ್ ತುಂಬೇತಿ ನೋಡು."

"ಹೌದಾ? ಹಂಗಾರ ನ್ಯಾಯ ಐತಿ" ಅಂದು, ಮುಖ ಒರೆಸಿಕೊಂಡು ಹೋದ.

ಏನಾಯಿತು ಇಲ್ಲಿ? ಓದು ಬರಹ ಅಷ್ಟಕ್ಕಷ್ಟೇ ಇರುವ ಒಬ್ಬ ಕೆಲಸಗಾರ, ಒಂದು ಸಾಫ್ಟ್‌ವೇರಿನ ನಡುವಿನ ಕ್ಲಾಸನ್ನು ಹೆಸರು ಹಿಡಿದು ಕರೆದು, ಅದರ ನಿರ್ಧಾರವನ್ನು ಪ್ರಶ್ನಿಸಿ, ಕಾರಣ ಕೇಳಿ, ಒಪ್ಪಿ ವಾಪಸು ಹೋಗಿದ್ದ. ಪ್ಯಾಟರ್ನ್‌ಗಳ ದೊಡ್ಡ ಉಪಯೋಗ ಏನು ಅಂತ ನಾನು ಪ್ರತಿ ವರ್ಷ ಬರೆಸುತ್ತೇನೆ: ಎಲ್ಲರಿಗೂ ಒಂದೇ ಭಾಷೆ ಸಿಗುತ್ತದೆ. ಎಲ್ಲರಿಗೂ ಅಂದರೆ ಎಂಜಿನಿಯರುಗಳಿಗೆ ಅಂತಲೇ ನಾನು ತಿಳಿದಿದ್ದೆ. ಡ್ರೈಯರಿನ ಮುಂದೆ ಬೇಯುವವನೂ ಆ ಎಲ್ಲರೊಳಗೆ ಬರುತ್ತಾನೆ ಎಂದು ನನಗೆ ಹೊಳೆದೇ ಇರಲಿಲ್ಲ. ಕೈ ಮುಗಿಯಬೇಕು ಅನ್ನಿಸಿತು. ನಾಚಿಕೆಯಾಗಿ ಮುಗಿಯಲಿಲ್ಲ. ಮುಗಿಯಬೇಕಿತ್ತು.

"ಪ್ಯಾಕಿಂಗ್‌ಗೆ ಹಾಕ್ತಾರಂತಲ್ರಿ ಸರ್?" ಹೊರಡುವಾಗ ಪಂಪಾವತಿ ಕೇಳಿದಳು. ದನಿ ಸಣ್ಣಗಿತ್ತು. "ಹಾಕ್ಲಿ ಬಿಡ್ರಿ, ಕೆಲ್ಸ ಯಾವ್ದಾದ್ರ ಏನು. ಆದ್ರ ಇದನ್ನ ಅಳಿಸೋ ಮುಂದ ನನಗ ಒಂದ್ಸಲ ಹೇಳ್ರಿ. ನಾ ಆವತ್ತು ರಜಾ ಹಾಕ್ತೀನಿ."

ನಾನು ಸೀದಾ ಕೊಟ್ರಪ್ಪನ ಆಫೀಸಿಗೆ ಹೋದೆ.

ಅವನಿಗೆ ಕಾಲುವೆ ಕಥೆಯೆಲ್ಲ ಹೇಳಿದೆ. ಕೊನೇ ಗದ್ದೆ, ಬೇಕು ಸಾಕು, ಹುಸೇನಪ್ಪನ ಮಾತು, ಎಲ್ಲ. ಕೊಟ್ರಪ್ಪ ಮೊಬೈಲು ನೋಡುತ್ತಾ ಹೂಂಗುಟ್ಟುತ್ತಿದ್ದ. ಮಷೀನು ಯಾವತ್ತಾದರೂ ಕಟ್ಟಿಕೊಂಡು ನಿಂತಿದೆಯಾ ಅಂತ ಕೇಳಿದರೆ, "ಇಲ್ಲ, ಅದೇನೋ ಚಲೋ ಓಡ್ತೈತಿ" ಅಂದ. ಆದರೆ ಆ ಎಂಜಿನಿಯರ್ ಅಷ್ಟು ಓದಿದವನು, ಅವನು ಹೇಳಿದ ಮೇಲೆ ಹೇಗೆ, ಎಂಬ ಅನುಮಾನ ಮಾತ್ರ ಮುಖದಿಂದ ಇಳಿಯಲಿಲ್ಲ.

"ಇದೆಲ್ಲ ಸರಿ ಮಾಸ್ತರ. ಇಂಥದ್ದು ಪುಸ್ತಕದಾಗ ಐತೇನು?"

"ಐತಿ. ಇದಕ್ಕ ಮೀಡಿಯೇಟರ್ ಪ್ಯಾಟರ್ನ್ ಅಂತಾರ."

ಕೊಟ್ರಪ್ಪ ಮೊಬೈಲು ಕೆಳಗಿಟ್ಟ. ಇನ್ನೊಂದು ಸಲ ಹೇಳಿಸಿಕೊಂಡ. ಬಾಯಲ್ಲೇ ಎರಡು ಬಾರಿ ಅಂದು ನೋಡಿಕೊಂಡ. ಆಮೇಲೆ ನನ್ನೆದುರೇ ಆ ಎಂಜಿನಿಯರ್‌ಗೆ ಫೋನ್ ಹಚ್ಚಿ, "ಸರ್, ನಿಮ್ಮ ಮಷೀನ್ ಒಂದು ಕೊಡ್ರಿ ಸಾಕು, ಪ್ಯಾಕೇಜ್ ಬ್ಯಾಡ. ನಮ್ದು ಮೀಡಿಯೇಟರ್ ಪ್ಯಾಟರ್ನ್ ಐತಿ, ತೆಗಿಯಾಕ ಬರಂಗಿಲ್ಲ" ಅಂದ. ಆ ಕಡೆಯವನು ಹೆಚ್ಚು ವಾದ ಮಾಡಿದ ಹಾಗೆ ಕಾಣಲಿಲ್ಲ. ಪಂಪಾವತಿ ಇದ್ದಲ್ಲೇ ಇರುತ್ತಾಳೆ, ನೀರುಗಂಟಿಯೂ ಇರುತ್ತಾನೆ, ಹೊಸ ಮಷೀನು ಬಂದು ಅವನಿಗೆ ಬೇಕು ಸಾಕು ಹೇಳಿಕೊಳ್ಳುತ್ತದೆ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಫೋನಿಟ್ಟು ಕೊಟ್ರಪ್ಪ ನನ್ನ ಮೇಲೇ ರೇಗಿದ. "ಲೇ, ಅಕಿ ಮೊದ್ಲ ಹಿಂಗ ಇಂಗ್ಲೀಷ್‌ನಾಗ ಹೇಳಿದ್ರ ನಾ ಯಾಕ ನಿನ್ನ ಕರೀತಿದ್ನಿ?"

ಆರು ವರ್ಷ ಒಂದು ದಿನವೂ ಕಟ್ಟಿಕೊಂಡು ನಿಲ್ಲದೆ ಓಡಿದ ಪ್ರೋಗ್ರಾಮು ಗಳಿಸಲಾಗದ ನಂಬಿಕೆಯನ್ನು ನನ್ನ ಬಾಯಿಯ ಎರಡು ಇಂಗ್ಲಿಷ್ ಪದ ಎರಡು ನಿಮಿಷದಲ್ಲಿ ಗಳಿಸಿಕೊಟ್ಟವಲ್ಲ, ಈ ಪ್ಯಾಟರ್ನ್‌ಗೆ ಏನು ಹೆಸರಿಡೋಣ ಹೇಳಿ?