ನಾಲಿಗೆ ತಾಗದ ಕಲ್ಲು

ನಾರಾಯಣಖೇಡದ ಶಂಕ್ರೆಪ್ಪನಿಗೆ ಹೊಟ್ಟೆಪಾಡಿಗೆ ಇದ್ದದ್ದು ಕಿರಾಣಿ ಅಂಗಡಿ, ಜೀವಕ್ಕೆ ಇದ್ದದ್ದು ಕಲ್ಲು. ಅಂಗಡಿಯಲ್ಲಿ ಬೆಲ್ಲ ತೂಗುವಾಗಲೂ ಆಕಳಿಸುತ್ತಿದ್ದ ಮನುಷ್ಯ, ಮನೆಯ ಪಡಸಾಲೆಯಲ್ಲಿ ಸಾಣೆಯ ಮುಂದೆ ಕೂತನೆಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮನೂರಿನ ಕಡೆಯ ಹೊಲಗಳಲ್ಲಿ ಮೊದಲ ಮಳೆಗೆ ಕರಿಮಣ್ಣು ತೊಳೆದುಹೋಗಿ ಕಲ್ಲುಗಳು ಮೇಲೆದ್ದು ಕೂರುತ್ತವಲ್ಲ, ಜೇನಿನ ಬಣ್ಣದವು, ಪಟ್ಟೆ ಪಟ್ಟೆಯವು, ನಮ್ಮ ಜನ ಹಕೀಕು ಅನ್ನುವಂಥವು. ರೈತರು ಕುಂಟೆಗೆ ಅಡ್ಡ ಬರುತ್ತವೆಂದು ಬೈದು ಅವನ್ನು ಬದುವಿಗೆ ಎಸೆಯುತ್ತಿದ್ದರು. ಬದುವಿನಿಂದ ಅವು ಶಂಕ್ರೆಪ್ಪನ ಧೋತರದ ಉಡಿಗೆ ಬರುತ್ತಿದ್ದವು.

ಅವನ ಸಾಮಾನೆಂದರೆ ಮಹಾ ದೊಡ್ಡದೇನಲ್ಲ. ಕುರಂದವೆಂಬ ಗಡಸು ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ತಟ್ಟಿದ ಒಂದು ಸಾಣೆಚಕ್ರ, ಅದನ್ನು ತಿರುಗಿಸಲು ಹಗ್ಗ ಬಿಗಿದ ಒಂದು ಬಿಲ್ಲು, ಕಲ್ಲನ್ನು ತುದಿಗೆ ಅಂಟಿಸಿ ಹಿಡಿಯಲು ಗೇಣುದ್ದದ ಕಡ್ಡಿ, ಇಷ್ಟೇ. ಉಳಿದದ್ದೆಲ್ಲ ಅವನ ಹೆಂಡತಿ ಕಾಂತಾಬಾಯಿಯ ಅಡುಗೆಮನೆಯಿಂದ ಕಾಲು ಬಂದು ತಾನೇ ನಡೆದು ಬಂದದ್ದು. ಬಿಲ್ಲಿಗೆ ಬಿಗಿದ ಹಗ್ಗ ಮೊನ್ನೆಯವರೆಗೂ ಮಜ್ಜಿಗೆ ಕಡೆಯುತ್ತಿತ್ತು. ಕುರಂದ ಸೋಸುವ ಬಟ್ಟೆ ಹಿಂದಿನ ಜನ್ಮದಲ್ಲಿ ಹಿಟ್ಟು ಸೋಸುತ್ತಿತ್ತು. ಕೇಳಿದರೆ ಶಂಕ್ರೆಪ್ಪ ಸೂರು ನೋಡುತ್ತಿದ್ದ.

ಹೀಗೆ ತೀಡಿದ ಕಲ್ಲುಗಳನ್ನು ಅವನು ಮಾರುತ್ತಿರಲಿಲ್ಲ, ಹಂಚುತ್ತಿದ್ದ. ತಾಲೂಕು ಕಚೇರಿಯ ಅಮೀನ್ ಸಾಹೇಬರ ಬೆರಳಲ್ಲಿ ಅವನ ಕಲ್ಲು, ಪೇಟೆಯ ಮದುಮಕ್ಕಳ ಬೆರಳಲ್ಲಿ ಅವನ ಕಲ್ಲು, ತಾಂಡೂರಿನ ಬೀಗರ ಬೆರಳಲ್ಲೂ ಅವನದೇ ಕಲ್ಲು. ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಕಾಂತಾಬಾಯಿ ಅನ್ನುತ್ತಿದ್ದುದು ಸುಮ್ಮನೆ ಅಲ್ಲ. ಆದರೆ ಊರೆಲ್ಲ ಹೊಗಳಿದರೂ ಅವನಿಗೆ ಅದು ಉಪ್ಪಿಲ್ಲದ ಸಾರು. ಆಕೆ ಒಂದೇ ಒಂದು ಕಲ್ಲು ಬೆರಳಿಗೆ ಹಾಕಿಕೊಂಡು ‘ಚಂದ ಅದ’ ಅನ್ನಬೇಕು, ಅದೊಂದೇ ಆಸೆ. ಮದುವೆಯಾದಾಗಿನಿಂದ ಆಕೆಯ ಬೆರಳು ಬೋಳಾಗಿಯೇ ಇತ್ತು.

ಕಾರಣ ಅವನ ನಾಲಿಗೆ. ಮಾತನಾಡುವ ನಾಲಿಗೆಯಲ್ಲ, ಅದೂ ಕಡಿಮೆಯದಲ್ಲ ಬಿಡಿ. ಸಾಣೆಗೆ ನಾಲ್ಕು ಸಲ ತಿಕ್ಕುವುದು, ಕಲ್ಲನ್ನು ಬಾಯಿಗೆ ತಂದು ನೆಕ್ಕುವುದು, ಬೆಳಕಿಗೆ ಹಿಡಿಯುವುದು, ಮತ್ತೆ ತಿಕ್ಕುವುದು. ಇದು ಅವನ ಪದ್ಧತಿ.

‘ಮನ್ಯಾಗ ನೀರಿಗೆ ಬರ ಬಂದದೇನ್ರಿ? ನಾಲಗಿ ಯಾಕ ಹಚ್ಚತೀರಿ?’ ಅಂದಳು ಒಂದು ದಿನ ಕಾಂತಾಬಾಯಿ.

‘ನಿನಗ ತಿಳಿಯಂಗಿಲ್ಲ. ಬೆರಳಿಗೆ ಸಿಗದ ಗೀರು ನಾಲಗಿಗೆ ಸಿಗತದ.’

‘ಸಿಗಲಿ. ಎಂಜಲ ಕಲ್ಲ ಲಿಂಗ ಹಿಡಿಯೋ ಕೈಗೆ ಹಾಕ್ಕೊಳಂಗಿಲ್ಲ ನಾ.’

ಶಂಕ್ರೆಪ್ಪ ಆಗ ಧರ್ಮಶಾಸ್ತ್ರಕ್ಕೆ ಕೈಹಾಕಿದ. ಸೋಲುವ ಮುಂಚೆ ಅವನು ಯಾವಾಗಲೂ ಹಾಗೆ ಮಾಡುತ್ತಿದ್ದ. ‘ಲಿಂಗವಂತರಿಗೆ ಎಂಜಲ ಸೂತಕ ಇಲ್ಲಂತ ಅಯ್ಯನೋರೇ ಹೇಳ್ಯಾರ.’

‘ಅಯ್ಯನೋರು ಪ್ರಸಾದದ ಮಾತು ಹೇಳ್ಯಾರ್ರಿ. ನಿಮ್ಮ ಬಾಯಾಗಿನ ತಂಬಾಕಿನ ಮಾತು ಹೇಳಿಲ್ಲ.’

ಶಂಕ್ರೆಪ್ಪ ಶಾಸ್ತ್ರವನ್ನು ಅಲ್ಲಿಗೇ ಮಡಚಿಟ್ಟ. ‘ಮತ್ತ ಎಂಥಾದ್ದು ಹಾಕ್ಕೋತಿ?’ ಅಂದ ಅವನು ಸಣ್ಣ ದನಿಯಲ್ಲಿ.

‘ನಿಮ್ಮ ನಾಲಗಿ ತಾಗದ ಕಲ್ಲು ಒಂದು ಮಾಡಿ ತರ್ರಿ. ಅವತ್ತ ಹಾಕ್ಕೋತೀನಿ, ಸಾಯೋತನಕ ತಗಿಯಂಗಿಲ್ಲ.’

ಆ ವರ್ಷದ ಮಳೆಗಾಲದಲ್ಲಿ ಶಂಕ್ರೆಪ್ಪ ಮನೂರಿನ ಹೊಲವೊಂದರ ಬದುವಿನ ಮೇಲೆ ನಿಂತಿದ್ದ. ಮಳೆ ಆಗಷ್ಟೇ ನಿಂತಿತ್ತು. ಕಾಲ ಬುಡದಲ್ಲಿ ಒಂದು ಹಾಲುಗಲ್ಲು. ಅಂಥ ಬಿಳಿ ಕಲ್ಲು ಅವನು ಬೇಕಾದಷ್ಟು ನೋಡಿದ್ದ, ಆದರೆ ಇದರೊಳಗೆ ಪಾರಿವಾಳದ ಕೊರಳಿನ ಹಾಗೆ ಹಸಿರು, ಕೆಂಪು, ನೀಲಿ ಆಡುತ್ತಿದ್ದವು. ಕೈ ತಾನಾಗಿ ಕಲ್ಲನ್ನು ಬಾಯಿಯ ಹತ್ತಿರ ತಂದಿತು. ನಾಲಿಗೆ ಹೊರಗೆ ಬಂದಿತು. ಅಲ್ಲಿಗೇ ನಿಂತಿತು. ಇದು ಅವಳ ಕಲ್ಲು ಅಂತ ಅವನಿಗೆ ಹೊಳೆದದ್ದು ಆ ಗಳಿಗೆಯಲ್ಲಿ. ಬದುವಿನ ಮೇಲೆ ನಾಲಿಗೆ ಚಾಚಿಕೊಂಡು ನಿಂತಿದ್ದ ಸಾಹುಕಾರನನ್ನು ಕಂಡು, ದಾರಿಯಲ್ಲಿ ಹೋಗುತ್ತಿದ್ದ ಪೋಚಪ್ಪ ‘ಏನ್ ಹುಳ ಕಡೀತ್ರಿ?’ ಅಂತ ಓಡಿ ಬಂದ.

ಮನೆ ಮುಟ್ಟುವಷ್ಟರಲ್ಲಿ ಉಡಿಯಲ್ಲಿದ್ದ ಕಲ್ಲು ಒಣಗಿ ಬಣ್ಣವೆಲ್ಲ ಆರಿಹೋಗಿತ್ತು. ಶಂಕ್ರೆಪ್ಪ ಧೈರ್ಯಗೆಡಲಿಲ್ಲ. ಹಕೀಕು ಕೂಡ ಒಣಗಿದರೆ ಮಂಕೇ ಇರುತ್ತದೆ, ನುಣುಪು ಬಂದಮೇಲೆ ತಾನೇ ಬೆಳಗುತ್ತದೆ ಅಂದುಕೊಂಡ.

ಮರುದಿನದಿಂದ ಅವನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತ. ತನ್ನ ನಾಲಿಗೆಯ ಮೇಲೆ ಅವನಿಗೇ ನಂಬಿಕೆಯಿರಲಿಲ್ಲ. ಸಾಹುಕಾರರು ಜೈನ ಮುನಿಗಳಾದರೆಂದು ಪೇಟೆಯಲ್ಲಿ ಸುದ್ದಿಯಾಯಿತು. ಗೀರು ಹುಡುಕಲು ಕಲ್ಲನ್ನು ಕೆನ್ನೆಗೆ ಉಜ್ಜಿಕೊಂಡ, ರೆಪ್ಪೆಗೆ ಉಜ್ಜಿಕೊಂಡ, ಸಾಣೆಯ ಕೆಸರು ಮೆತ್ತಿಕೊಂಡು ಹೋಳಿಯಾಡಿದವನ ಹಾಗೆ ಕಂಡ. ಹಾಲುಗಲ್ಲು ಹಕೀಕಿನ ಹಾಗೆ ಗಟ್ಟಿಯದಲ್ಲ, ಬಿಸಿ ತಾಗಿದರೆ ಬಿರಿದುಬಿಡುತ್ತದೆ. ಅದಕ್ಕೇ ಕಾದ ಅರಗು ಬಿಟ್ಟು, ಬಿಸಿಲಿಗೆ ಮೆತ್ತಗಾದ ಜೇನುಮೇಣದಿಂದ ಕಡ್ಡಿಗೆ ಅಂಟಿಸಿದ. ಬಿಲ್ಲನ್ನು ಮೆಲ್ಲಗೆ ಎಳೆದ, ಕಲ್ಲಿನ ಮೇಲೆ ಹನಿಹನಿಯಾಗಿ ನೀರು ಬಿಡುತ್ತ ಹೋದ. ಇಷ್ಟು ತಾಳ್ಮೆ ಇವನಲ್ಲಿ ಎಲ್ಲಿತ್ತು ಅಂತ ಕಾಂತಾಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಕಾವಲಿಗೆ ನಿಂತಿದ್ದೇನೆ ಅಂತ ಹೇಳಿಕೊಂಡಳು, ಆದರೆ ಕೊನೆಯ ನುಣುಪಿಗೆ ಪುಡಿ ಸಾಲದೆ ಬಂದಾಗ ತನ್ನ ವಿಭೂತಿಯ ಗಟ್ಟಿಯಲ್ಲೇ ಒಂದು ಚೂರು ಮುರಿದು ಕೊಟ್ಟಳು. ಕದಿಯದೆ ಅವನ ಕೈಗೆ ಬಂದ ಮೊದಲ ಸಾಮಾನು ಅದು.

ಕಲ್ಲು ಮುಗಿಯಿತು. ತೊಳೆದಾಗ ಬಣ್ಣಗಳೆಲ್ಲ ಎದ್ದು ಕುಣಿದವು. ಒರೆಸಿ ಕಿಟಕಿಯಲ್ಲಿಟ್ಟ. ಒಂದು ಎಲೆ ಅಡಿಕೆ ಹಾಕಿಕೊಂಡು ಬರುವಷ್ಟರಲ್ಲಿ ಅಲ್ಲಿ ಒಂದು ಬಿಳಿ ಗುಂಡು ಮಾತ್ರ ಕೂತಿತ್ತು. ಮತ್ತೆ ಅದ್ದಿದ, ಬಣ್ಣ ಬಂತು. ಒಣಗಿತು, ಹೋಯಿತು. ನೀರಲ್ಲಿದ್ದರೆ ಜೀವ, ಹೊರಗೆ ಬಂದರೆ ಹೆಣ. ಇಂಥ ಕಲ್ಲನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ.

ಆದರೂ ಅಕ್ಕಸಾಲಿ ವಿಠೋಬಾನ ಹತ್ತಿರ ಒಯ್ದ. ಬೆಳ್ಳಿ ಉಂಗುರಕ್ಕೆ ಅಳತೆ ಕೇಳಿದರೆ, ‘ನನ್ನ ಹೇಣ್ತಿ ಬೆರಳು ನನಗ ಗೊತ್ತಿಲ್ಲೇನೋ?’ ಅಂತ ಕಣ್ಣಂದಾಜಿನಲ್ಲಿ ಹೇಳಿದ. ವಿಠೋಬಾ ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ‘ಸಾವ್ಕಾರ್ರ, ತಪ್ಪ ತಿಳಕೋಬ್ಯಾಡ್ರಿ. ಇದು ಸುಣ್ಣದ ಉಂಡಿ ಇದ್ದಂಗ ಅದ’ ಅಂದ.

‘ಹಸಿ ಇದ್ದಾಗ ನೋಡಬೇಕಪ್ಪ ಇದನ್ನ.’

‘ಹಂಗಾದ್ರ ಬಾಯಿಯೋರು ಅರಬಿ ಒಗಿಯಾಕ ಹೋದಾಗ ಹಾಕ್ಕೋಬೇಕೇನ್ರಿ?’

ಶಂಕ್ರೆಪ್ಪ ನಗಲಿಲ್ಲ. ಉಂಗುರ ತಯಾರಾದ ಮೇಲೆ ಅದನ್ನು ಉಡಿಗೆ ಕಟ್ಟಿಕೊಂಡು, ಹಂಚಿದ ಕಲ್ಲುಗಳನ್ನು ಒಂದೊಂದಾಗಿ ನೆನೆಯುತ್ತ ಮನೆಯ ದಾರಿ ಹಿಡಿದ. ಅಮೀನ್ ಸಾಹೇಬರಿಗೆ ಕೊಟ್ಟದ್ದು ಎಂಥ ಜೇನುಗಲ್ಲು! ಬೀಗರಿಗೆ ಕೊಟ್ಟದ್ದು ಎಂಥ ಪಟ್ಟೆಗಲ್ಲು! ಕಟ್ಟಿಕೊಂಡವಳಿಗೆ ಮಾತ್ರ ಸುಣ್ಣದ ಉಂಡೆ. ಆಕೆ ಹಾಕಿಕೊಳ್ಳುತ್ತಾಳೆ, ಮಾತು ಕೊಟ್ಟಿದ್ದಾಳೆ. ಚಂದ ಇಲ್ಲದ್ದನ್ನು ಸಾಯುವತನಕ ಹಾಕಿಕೊಂಡಿರುತ್ತಾಳೆ. ಅದೇ ಅವನಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು.

‘ನಾಲಗಿ ಹಚ್ಚಿಲ್ಲ?’ ಅಂದಳು ಕಾಂತಾಬಾಯಿ.

‘ಲಿಂಗದಾಣೆ ಇಲ್ಲ. ಆದರ ನೋಡು, ಕಲ್ಲು ಸರಿ ಬಂದಿಲ್ಲ. ಬ್ಯಾಡಂದ್ರ ಬ್ಯಾಡ. ಬ್ಯಾರೆ ಮಾಡತೀನಿ.’

‘ಕೊಡ್ರಿ ಇಲ್ಲಿ.’ ಬಲಗೈ ರೊಟ್ಟಿ ಬಡಿಯುವ ಕೈಯೆಂದು ಎಡಗೈಗೆ ಹಾಕಿಕೊಂಡಳು. ಉಂಗುರ ಸಡಿಲವಾಗಿ ಗಿರಕಿ ಹೊಡೆಯಿತು. ಹೆಂಡತಿಯ ಬೆರಳು ಗೊತ್ತಿದ್ದ ಗಂಡನ ಅಂದಾಜು ಅದು. ಆಕೆ ಕಲ್ಲನ್ನು ನೋಡಿದಳು, ಗಂಡನನ್ನು ನೋಡಿದಳು. ‘ಬೆಳ್ಳಗದ’ ಅಂದಳು. ಬಿಳಿ ಕಲ್ಲನ್ನು ಬೆಳ್ಳಗಿದೆ ಅನ್ನದೆ ಪಾಪ ಇನ್ನೇನು ಅಂದಾಳು?

ಮರುದಿನ ಬೆಳಿಗ್ಗೆ ಶಂಕ್ರೆಪ್ಪ ತನ್ನ ಪೂಜೆ ಮುಗಿಸಿ ರೊಟ್ಟಿಗೆ ಕಾಯುತ್ತ ಕೂತ. ಅವನ ಪೂಜೆಯೆಂದರೆ ಲಿಂಗದ ಮೇಲೆ ಎರಡು ಹನಿ ನೀರು, ಹಣೆಗೆ ಒಂದು ಗೆರೆ ವಿಭೂತಿ, ಅಷ್ಟರಲ್ಲಿ ಶಿವನಿಗೂ ಇವನಿಗೂ ಬಿಡುಗಡೆ. ಕಾಂತಾಬಾಯಿಯದು ನಿಧಾನದ ಪೂಜೆ, ನಡುವೆ ಮಾತಿಲ್ಲ. ಆದರೆ ಇವತ್ತು ಅತಿಯಾಯಿತು. ಒಲೆ ಹೊತ್ತಿಲ್ಲ, ರೊಟ್ಟಿಯ ಸಪ್ಪಳವಿಲ್ಲ. ಹಸಿವೂ ಆಗಿತ್ತು, ಹೆದರಿಕೆಯೂ ಆಗಿತ್ತು. ಸಿಟ್ಟಿಗೆದ್ದು ಕೂತಿದ್ದಾಳೇನೋ ಅಂತ ಅವನು ಬಾಗಿಲಲ್ಲಿ ಇಣುಕಿದ.

ಆಕೆ ಎಡ ಅಂಗೈ ಮೇಲೆ ಲಿಂಗವಿಟ್ಟುಕೊಂಡು ಕೂತಿದ್ದಳು. ಸಡಿಲ ಉಂಗುರ ತಿರುಗಿ ಕಲ್ಲು ಅಂಗೈಯೊಳಗೆ ಬಂದಿತ್ತು. ಎರೆದ ನೀರು ಅಂಗೈ ಗುಳಿಯಲ್ಲಿ ನಿಂತಿತ್ತು. ಆ ನೀರಿನಲ್ಲಿ, ಕರಿಯ ಲಿಂಗದ ಮಗ್ಗುಲಲ್ಲಿ, ಹಾಲುಗಲ್ಲು ಕಣ್ಣು ಬಿಟ್ಟಿತ್ತು. ಹಸಿರು, ಕೆಂಪು, ನೀಲಿ, ಮನೂರಿನ ಬದುವಿನ ಮೇಲೆ ಕಂಡದ್ದಕ್ಕಿಂತ ಹೆಚ್ಚು. ಕಾಂತಾಬಾಯಿ ತಂಬಿಗೆಯಿಂದ ಇನ್ನಷ್ಟು ಎರೆದಳು. ತಂಬಿಗೆ ಬರಿದಾಯಿತು. ಕಣ್ಣೆತ್ತಿ ಗಂಡನನ್ನು ಕಂಡಳು. ಪೂಜೆಯಲ್ಲಿ ಮಾತಾಡುವಂತಿಲ್ಲ. ಬರಿದಾದ ತಂಬಿಗೆಯನ್ನು ಅವನತ್ತ ಚಾಚಿದಳು.

ಹೆಂಡತಿಯ ಪೂಜೆಗೆ ಜನ್ಮದಲ್ಲಿ ಒಂದು ಹನಿ ನೀರು ತಂದುಕೊಟ್ಟವನಲ್ಲ ಶಂಕ್ರೆಪ್ಪ. ಧೋತರ ತೊಡರಿಸಿಕೊಂಡು ಓಡಿದ, ಅರ್ಧ ಚೆಲ್ಲಿಕೊಂಡು ತಂದ, ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತ. ಅವನ ಕಣ್ಣು ತುಂಬಿ ಬಂದಿತ್ತು. ಸಾಣೆಯ ಪುಡಿ ಬಿತ್ತು ಅಂತ ಆಮೇಲೆ ಹೇಳಿದ.

ಪೂಜೆ ಮುಗಿಸಿ, ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡು, ಕಾಂತಾಬಾಯಿ ಹಸಿ ಕೈಯನ್ನು ಬೆಳಕಿಗೆ ಹಿಡಿದಳು. ‘ಚಂದ ಅದರಿ’ ಅಂದಳು. ‘ಭಾಳ ಚಂದ ಅದ.’

ಕಲ್ಲಿನ ಅಂಚು ಆಗಲೇ ಬೆಳ್ಳಗಾಗುತ್ತಿತ್ತು. ‘ಒಣಗಿದರ ಹೋಗಿಬಿಡತದ’ ಅಂದ ಗಾಬರಿಯಿಂದ.

‘ಹೋಗಲಿ ಬಿಡ್ರಿ. ನಾಳಿ ಮುಂಜಾನಿ ಮತ್ತ ಬರತದಲ್ಲ.’

ಶಂಕ್ರೆಪ್ಪ ಊರಿಗೆಲ್ಲ ಮಾಣಿಕ್ಯ ಹಂಚಿ ಹೆಂಡತಿಗೆ ಸುಣ್ಣದ ಉಂಡೆ ಕೊಟ್ಟ ಅಂತ ಪೇಟೆ ಬಹಳ ದಿನ ನಕ್ಕಿತು. ಪ್ರತಿಯೊಂದು ಕಲ್ಲನ್ನೂ ಅಂಗಡಿ ಅಂಗಡಿಗೆ ಒಯ್ದು ತೋರಿಸುತ್ತಿದ್ದ ಮನುಷ್ಯ, ಇದೊಂದರ ಬಗ್ಗೆ ಬಾಯಿ ಬಿಡಲಿಲ್ಲ.