ಮೂಗಿನ ಮೇಲೊಂದು ಅಡಕೊತ್ತು

ಇದನ್ನು ಈವರೆಗೆ ಹತ್ತಾರು ಮಂದಿಗೆ ಹೇಳಿದ್ದೇನೆ. ಪ್ರತಿ ಸಲವೂ ಅದೇ ಜಾಗಕ್ಕೆ ಬಂದಾಗ ನಗು ಉಕ್ಕಿ ಮಾತು ನಿಲ್ಲುತ್ತದೆ. ಕೇಳುವವರೂ ನಗುತ್ತಾರೆ. ಆದರೆ ನನ್ನದು ಸರಿಯಾದ ನಗುವಲ್ಲ ಎಂದು ನನಗೆ ಗೊತ್ತು. ಹೆತ್ತ ತಾಯಿಯ ಅಣ್ಣನ ಮೂಗಿನಿಂದ ನಾಲ್ಕು ಬೆರಳು ಮೇಲೆ ಕಬ್ಬಿಣದ ಅಡಕೊತ್ತೊಂದು ಬಾಯಿ ತೆರೆದುಕೊಂಡು ಅಂಟಿ ನಿಂತಿದ್ದನ್ನು ಕಂಡವಳು ಹೇಗೆ ನಗಬಹುದೋ ಹಾಗೆ ನಗುತ್ತೇನೆ.

ಬಿ.ಎಸ್ಸಿ. ಮುಗಿಸಿದ ಮೇಲೆ ನನಗೆ ಪಾರ್ಕಿನ್ಸನ್ ಕಾಯಿಲೆಯ ಮೇಲೆ ಸಂಶೋಧನೆ ಮಾಡುವ ತಂಡವೊಂದರಲ್ಲಿ ಕೆಲಸ ಸಿಕ್ಕಿತು. ಮಿದುಳಿನ ಆಳದಲ್ಲಿ ಕಪ್ಪಗಿನ ಒಂದು ಸಣ್ಣ ಜಾಗವಿದೆ. ಈ ಕಾಯಿಲೆಯಲ್ಲಿ ಅಲ್ಲಿನ ಕೋಶಗಳು ಒಂದೊಂದಾಗಿ ಸಾಯುತ್ತವೆ, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ತಂಡದವರು ಎಂಆರ್‌ಐ ಯಂತ್ರದಲ್ಲಿ ಆ ಜಾಗದ ಚಿತ್ರ ತೆಗೆದು, ಏನು ಯಾವಾಗ ಬದಲಾಗುತ್ತದೆ ಎಂದು ನೋಡುತ್ತಾರೆ. ಅದಕ್ಕೆ ಬೇಕಾದ ಜನರನ್ನು ಹುಡುಕುವುದು ನನ್ನ ಕೆಲಸ. ಸ್ಕೂಟಿ ಹತ್ತಿ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಂದು ತಿರುಗುತ್ತೇನೆ. ಕೈ ನಡುಗುವವರ ಮನೆಯಲ್ಲಿ ಚಹಾ ಕುಡಿಯುತ್ತೇನೆ. ಕನ್ನಡದಲ್ಲಿ ಶುರುವಾದ ಮಾತನ್ನು ಮರಾಠಿಯಲ್ಲಿ ಮುಗಿಸಿ, ಅರ್ಜಿ ತುಂಬಿಸಿಕೊಂಡು ಬರುತ್ತೇನೆ.

ಮಾಮಾನನ್ನು ಹುಡುಕಬೇಕಾಗಿರಲಿಲ್ಲ. ಅವನು ಜುಗೂಳದವನು. ಹೊಳೆದಂಡೆಗೆ ಕಬ್ಬು, ಹಿತ್ತಲಲ್ಲಿ ನಾಲ್ಕು ಎಮ್ಮೆ. ಮೂರು ವರ್ಷಗಳಿಂದ ಬಲಗೈ ನಡುಗುತ್ತಿತ್ತು, ಹಾಲು ಹಿಂಡುವುದು ಬಿಟ್ಟುಹೋಗಿತ್ತು. ಹೋಲಿಸಿ ನೋಡಲು ಅದೇ ವಯಸ್ಸಿನ, ಕಾಯಿಲೆ ಇಲ್ಲದವರೂ ತಂಡಕ್ಕೆ ಬೇಕಿತ್ತು. ಅದೇ ಮನೆಯ, ಅದೇ ರೊಟ್ಟಿ ತಿಂದವರಾದರೆ ಇನ್ನೂ ಒಳ್ಳೆಯದು. ಹೀಗಾಗಿ ಮಾಮಾನ ಹೆಂಡತಿ, ನಮ್ಮ ಅತ್ತಿಯ ಹೆಸರನ್ನೂ ಬರೆದುಕೊಂಡೆ.

ಅವರ ಪಡಸಾಲೆಯಲ್ಲಿ ಕೂತು ಅರ್ಜಿಯ ಪ್ರಶ್ನೆಗಳನ್ನು ಓದಿದೆ. ಹೃದಯಕ್ಕೆ ಯಂತ್ರ ಕೂಡಿಸಿದ್ದಾರೆಯೇ, ಎಲುಬಿಗೆ ರಾಡು ಹಾಕಿದ್ದಾರೆಯೇ, ಕಣ್ಣಿನಲ್ಲಿ ಎಂದಾದರೂ ಲೋಹದ ಚೂರು ಹೊಕ್ಕಿದೆಯೇ, ದೇಹದೊಳಗೆ ಎಲ್ಲಾದರೂ ಕಬ್ಬಿಣವಿದೆಯೇ.

"ಈಕಿ ರೊಟ್ಟಿ ನಲವತ್ತ ವರ್ಷ ತಿಂದೇನಿ ಅವ್ವಿ," ಎಂದ ಮಾಮಾ. "ಒಳಗ ಏನೇನ ಐತೋ ನೀವ ನೋಡಿ ಹೇಳ್ರಿ."

"ಹಲ್ಲ ಗಟ್ಟಿ ಇದ್ದಾಗ ಸುಮ್ಮ ತಿಂದ್ರಿ," ಎಂದಳು ಅತ್ತಿ, ಅಡಕೊತ್ತಿನಲ್ಲಿ ಅಡಿಕೆ ಕತ್ತರಿಸುತ್ತಲೇ. "ಈಗ ಮಾತ ಬಂದಾವು."

ಆ ಯಂತ್ರವೆಂದರೆ ಒಂದು ದೊಡ್ಡ ಅಯಸ್ಕಾಂತ. ಚಿತ್ರ ತೆಗೆಯದಿರುವಾಗಲೂ ಅದು ಎಳೆಯುತ್ತಲೇ ಇರುತ್ತದೆ. ಇದನ್ನು ಮಾಮಾನಿಗೆ ಹೇಳಿದೆ. ಅತ್ತಿಗೆ ಹೇಳಲಿಲ್ಲ. ಎಳೆಯುವ ಯಂತ್ರ ಎಂದರೆ ಹೆದರಿ ಇಬ್ಬರೂ ಬರದಂತೆ ಮಾಡುತ್ತಾಳೆ ಎಂದುಕೊಂಡೆ. ಕಬ್ಬಿಣ ತರಬಾರದು ಎಂದಷ್ಟೇ ಹೇಳಿದೆ. ಯಾಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪರೀಕ್ಷೆಯ ದಿನ, ಇಬ್ಬರು ಬರಬೇಕಿದ್ದ ಜೀಪಿನಿಂದ ಆಸ್ಪತ್ರೆಯ ಮುಂದೆ ಒಂಬತ್ತು ಮಂದಿ ಇಳಿದರು. ಮಾಮಾನ ಗುಳಿಗೆಯನ್ನು ಹಿಂದಿನ ಸಂಜೆಯಿಂದ ನಿಲ್ಲಿಸಲಾಗಿತ್ತು, ಔಷಧದ ಮರೆಯಿಲ್ಲದೆ ಕಾಯಿಲೆಯನ್ನು ನೋಡಬೇಕಿತ್ತು. ಅವನು ಕೊರಡಿನಂತಾಗಿದ್ದ. ಹೊಸ್ತಿಲ ಮುಂದೆ ಬಂದು ನಿಂತರೆ ಕಾಲು ಎತ್ತಲಾಗದೆ ನಿಂತೇಬಿಡುತ್ತಿದ್ದ. ಬಲಗೈ ಮಾತ್ರ ಒಂದೇ ಸಮನೆ ಆಡುತ್ತಿತ್ತು. ಅತ್ತಿ ಆ ಕೈ ಹಿಡಿದುಕೊಂಡರೆ ತುಸು ಕಡಿಮೆಯಾಗುತ್ತಿತ್ತು. ಅದನ್ನು ಗಮನಿಸಿದ ನಮ್ಮ ತಂಡದ ಡಾಕ್ಟರಮ್ಮ, ಅವನು ಸರಿಯಾಗಿ ಮಲಗುವವರೆಗೆ ಅತ್ತಿಯೂ ಒಳಗೆ ಬರಲಿ ಎಂದರು.

ಆಮೇಲೆ ನಡೆದದ್ದು ತಾಳಿಯ ಪ್ರಕರಣ. ಬಂಗಾರವಾದರೂ ಕಳಚಿಡಬೇಕು ಎಂದಳು ನರ್ಸ್. ಗಂಡನನ್ನು ಯಂತ್ರಕ್ಕೆ ಕಳಿಸುವ ದಿನವೇ ತಾಳಿ ತೆಗೆಯುವುದೇ ಎಂದು ಜೀಪಿನಿಂದ ಇಳಿದ ಅಷ್ಟೂ ಮಂದಿ ಒಂದೇ ದನಿಯಲ್ಲಿ ವಿರೋಧಿಸಿದರು. ಡಾಕ್ಟರಮ್ಮ ತಾವೇ ಬಂದು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಮಾತಾಡಿದರು. ಕೊನೆಗೆ ಯಾರೋ ದಾರಕ್ಕೆ ಅರಿಷಿಣದ ಕೊಂಬು ಕಟ್ಟಿಕೊಟ್ಟರು, ಅತ್ತಿ ಅದನ್ನು ಕೊರಳಿಗೆ ಹಾಕಿಕೊಂಡು ತಾಳಿಯನ್ನು ಜೀಪಿನಲ್ಲಿ ಬಂದಿದ್ದ ನನ್ನ ಅವ್ವನ ಕೈಗೆ ಕೊಟ್ಟಳು. ಅಂಥ ದೊಡ್ಡ ಸಮಸ್ಯೆಯನ್ನು ಯಾರ ಮನಸ್ಸೂ ನೋಯದಂತೆ ಬಗೆಹರಿಸಿದ ಸಂತೋಷ ನಮಗೆಲ್ಲ ತಲೆಗೇರಿತ್ತು.

ಯಂತ್ರ ನಡೆಸುವ ತಂತ್ರಜ್ಞ ಕೊಗನೊಳ್ಳಿಯವನು, ನನ್ನ ಅಣ್ಣನ ವಯಸ್ಸಿನವನು. ಲೋಹ ಸಿಕ್ಕರೆ ಕೂಗುವ ಕೈಕೋಲನ್ನು ಮಾಮಾನ ಮೈಮೇಲೆ ಆಡಿಸಿದ. ಅತ್ತಿಯ ಹತ್ತಿರ ಬಂದಾಗ ಸಂಕೋಚಪಟ್ಟು ಕೋಲನ್ನು ನನಗೆ ಕೊಟ್ಟ. ಅತ್ತಿ ಕುರ್ಚಿಯ ಮೇಲೆ ಕಾಲು ಮಡಚಿ, ಮನೆಯ ಕಟ್ಟೆಯ ಮೇಲೆ ಕೂತಂತೆ ಕೂತಿದ್ದಳು. ಕೋಲು ಅವಳ ನಡುವಿನ ಹತ್ತಿರ ಕೂಗಿತು. ಮಡಚಿದ ಪಾದವೂ ಅಲ್ಲೇ ಇತ್ತು.

"ಕಾಲುಂಗುರ," ಎಂದೆ ನಾನು. ಬೆಳ್ಳಿಯನ್ನು ಅಯಸ್ಕಾಂತ ಎಳೆಯುವುದಿಲ್ಲ ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದೆನಲ್ಲ. ಕಾಲು ಇಳಿಬಿಡು ಎನ್ನಬಹುದಿತ್ತು. ನಡು ಮುಟ್ಟಿ ನೋಡಬಹುದಿತ್ತು. ಆದರೆ ನನ್ನನ್ನು ಎತ್ತಿ ಆಡಿಸಿದ ಅತ್ತಿ. ಅವಳ ಮೈ ತಡವಲು ನನ್ನ ಕೈ ಏಳಲಿಲ್ಲ.

ಮಾಮಾನನ್ನು ಮಲಗಿಸಿದರು. ಕಿವಿಗೆ ಹತ್ತಿ, ತಲೆಯ ಸುತ್ತ ಪಂಜರದಂಥ ಗಟ್ಟಿ ಪ್ಲಾಸ್ಟಿಕ್ಕಿನ ಚೌಕಟ್ಟು. ಎಮ್ಮೆಗೆ ಬಾಯಿಬುಟ್ಟಿ ಕಟ್ಟಿದಂಗಾತು ಎಂದು ಗೊಣಗಿದ. ಎಂಥ ಸದ್ದು ಬಂದರೂ ಅಲುಗಾಡಬಾರದು ಎಂದು ತಂತ್ರಜ್ಞ ಎರಡೆರಡು ಸಲ ಹೇಳಿದ. ಮಂಚ ಅರ್ಧ ಯಂತ್ರದ ಸುರಂಗದೊಳಗೆ ಸರಿಯಿತು. ನಾನು ಬಾಗಿಲಲ್ಲಿದ್ದೆ. ಅತ್ತಿ ಅವನ ಕೈ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ತಂತ್ರಜ್ಞ ಆಚೆಗೆ ತಿರುಗಿದ್ದೇ ತಡ, ಅವಳು ಇನ್ನೊಂದು ಕೈಯಿಂದ ಸೀರೆಯ ನಡುವಿನಿಂದ ಏನನ್ನೋ ತೆಗೆದು ಮಾಮಾನ ದಿಂಬಿನ ಕಡೆಗೆ ಬಾಗಿದಳು.

ಅದು ಹಾರಿದ್ದನ್ನು ನಾನು ನೋಡಿದೆನೋ ಇಲ್ಲವೋ ಈಗ ಹೇಳಲಾರೆ. ದಿನಕ್ಕೊಂದು ಸಲವಾದರೂ ಕಣ್ಣೆದುರು ಹಾರುತ್ತದೆ, ಪ್ರತಿ ಸಲ ಬೇರೆ ದಾರಿಯಲ್ಲಿ. ಅತ್ತಿಯ ಕೈ ಬರಿದಾದದ್ದು ಮಾತ್ರ ನಿಜ. ಠಕ್ ಎಂದು ಸದ್ದಾಯಿತು. ತಲೆಯ ಚೌಕಟ್ಟಿನ ಅಂಚು ಸೀಳಿಹೋಗಿತ್ತು. ಅದಕ್ಕೆ ಬಡಿದು ಮೇಲೆ ಚಿಮ್ಮಿದ ಅಡಕೊತ್ತು ಸುರಂಗದ ಒಳಛಾವಣಿಗೆ ಹೋಗಿ ಅಂಟಿತ್ತು.

"ಥಾಂಬಾ," ಎಂದ ತಂತ್ರಜ್ಞ ಮೆಲ್ಲಗೆ, ಮರಾಠಿಯಲ್ಲಿ. ಯಾರಿಗೆ ನಿಲ್ಲು ಅಂದನೋ. ನಾವು ಯಾರೂ ಕದಲಿರಲಿಲ್ಲ.

ಸುರಂಗದೊಳಗಿಂದ ಮಾಮಾನ ದನಿ ಬಂತು: "ಶುರು ಆತೇನ್ರಿ?"

ಅವನಿಗೆ ಆ ಠಕ್ ಎಂಬ ಸದ್ದು ಪರೀಕ್ಷೆಯದೇ ಎನಿಸಿತ್ತು. ಹೇಳಿದಂತೆ ಅಲುಗಾಡದೆ ಮಲಗಿದ್ದ. ಕಣ್ಣು ಮುಚ್ಚಿದ್ದ. ಮಂಚವನ್ನು ಹೊರಗೆ ಎಳೆದು ಚೌಕಟ್ಟು ಬಿಚ್ಚಿದರು. ಒಂದು ಗೀರು ಕೂಡ ಇರಲಿಲ್ಲ. ಇಷ್ಟೇನಾ, ಮುಕ್ಕಾಲು ತಾಸು ಅಂದಿದ್ದಿರಲ್ಲ ಎಂದು ಕೇಳಿದ. ನನಗೆ ನಗು ಶುರುವಾಯಿತು. ಗೋಡೆ ಹಿಡಿದು ಕೆಳಗೆ ಕೂತೆ, ನಿಲ್ಲಿಸಲು ಆಗಲಿಲ್ಲ. ನರ್ಸ್‌ಗೂ ಹತ್ತಿಕೊಂಡಿತು. ಡಾಕ್ಟರಮ್ಮ ಬೈಯಲೆಂದು ಬಾಯಿ ತೆರೆದವರು ಬಾಯಿಗೆ ಸೆರಗು ಒತ್ತಿಕೊಂಡರು. ಅತ್ತಿಯ ಕೈ, ತಂತ್ರಜ್ಞನ ಕೈ, ನನ್ನ ಎರಡೂ ಕೈ ಗಡಗಡ ನಡುಗುತ್ತಿದ್ದವು. ಮಾಮಾ ಎದ್ದು ಕೂತು ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ.

"ನನಗ ಒಬ್ಬಂವಗ ಐತಿ ಅಂದಿದ್ರಿ," ಎಂದ.

ಅಡಕೊತ್ತನ್ನು ಕೀಳಲು ಇಬ್ಬರು ಗಂಡಸರು ಬೇಕಾದರು. ಅಂದಿನ ಕೆಲಸ ಅಲ್ಲಿಗೇ ನಿಂತಿತು. ಹೊರಗೆ ಬಂದ ಮೇಲೆ ಡಾಕ್ಟರಮ್ಮ ಅತ್ತಿಯನ್ನು ಕೇಳಿದರು. ಅತ್ತಿಯ ದನಿ ಏರಲಿಲ್ಲ, ತಲೆಯೂ ತಗ್ಗಲಿಲ್ಲ.

"ಗಾಳಿ ಸೋಕಬಾರ್ದಂತ ಹಡದಾಕಿ ತಲಿದಿಂಬಿಗೆ ಕಬ್ಬಿಣ ಇಡ್ತೀವಿ. ಅರಿಷಿಣ ಹಚ್ಚಿದ ಮದುಮಗನ ಕೈಯಾಗ ಕಟ್ಯಾರಿ ಕೊಡ್ತೀವಿ. ಇವ್ರನ್ನ ಒಬ್ಬವ್ರನ್ನ ಅಂಥಾ ಗವಿಯಾಗ ಮಲಗಿಸಿ ಬಾಗಲಾ ಹಾಕ್ತೀರಿ. ಕೈಕಾಲ ಬ್ಯಾರೆ ಏಳೂದಿಲ್ಲ. ಬರಿದಿಂಬಿನ ಮ್ಯಾಲ ಹೆಂಗ ಬಿಡ್ಲಿರಿ ನಾ?"

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಯಾಕೆ ತರಬಾರದು ಎಂದು ಹೇಳಿದ್ದೆಯೇನು ಎಂದರು. ಇಲ್ಲ ಎಂದೆ. ಅವರು ಯಂತ್ರ ನೋಡಲು ಒಳಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು.

ಯಂತ್ರದ ತಪಾಸಣೆ ಮುಗಿದು ಮತ್ತೆ ಕರೆ ಬಂದಾಗ ಜುಗೂಳಕ್ಕೆ ಹೋದೆ. ಕೆಲಸ ಬಿಡುವ ಪತ್ರ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಈ ಸಲ ಎಲ್ಲವನ್ನೂ ಅತ್ತಿಗೆ ಹೇಳಿದೆ: ಅದು ಹೇಗೆ ಎಳೆಯುತ್ತದೆ, ಚೌಕಟ್ಟು ಇಲ್ಲದಿದ್ದರೆ ಏನಾಗುತ್ತಿತ್ತು, ಕೋಲು ಕೂಗಿದಾಗ ನಾನು ಏನು ಅಂದೆ. ಇನ್ನು ಅವರನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದಳು. ಹೋಗಬೇಡ ಎಂದು ನಾನೂ ಮಾಮಾನಿಗೆ ಹೇಳಿದೆ. ಇದರಿಂದ ನಿನಗೇನೂ ಗುಣವಾಗುವುದಿಲ್ಲ, ಡಾಕ್ಟರಮ್ಮನೇ ಮೊದಲ ದಿನ ಹೇಳಿದ್ದಾರಲ್ಲ ಎಂದೆ.

ಮಾಮಾ ಕೊಟ್ಟಿಗೆಯ ಕಡೆ ನೋಡಿದ. ಅಲ್ಲಿ ಪಕ್ಕದ ಮನೆಯವನು ಎಮ್ಮೆ ಹಿಂಡುತ್ತಿದ್ದ.

"ಹಿಂಡು ಅಂತೇನಿ, ಕೈ ಕೇಳೂದಿಲ್ಲ. ನಾ ಹೇಳಿದ್ದು ನಡಬರಕ ಎಲ್ಲೋ ಕಳೀತೈತಿ," ಎಂದ. "ಎಲ್ಲಿ ಅಂತ ಯಾರರೆ ಹುಡಕಾಕತ್ತಾರ ಅಂದ್ರ, ಮಲಗಿ ಕೊಡೂದರೆ ಆಗಲಿ ನನ್ನ ಕಡಿಂದ."

ಅತ್ತಿ ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದು ಜೋರಾಗಿಯೇ ಬಂತು. ಹೊರಗೆ ಬಂದಾಗ ಒಂದೇ ಮಾತು ಹೇಳಿದಳು: ಮೊದಲು ತಾನು ಮಲಗುತ್ತಾಳೆ, ಕಬ್ಬಿಣವಿಲ್ಲದೆ. ತನಗೆ ಏನೂ ಆಗದಿದ್ದರೆ ಆಮೇಲೆ ಅವರು.

ಹಾಗೇ ಆಯಿತು. ಅವಳು ನಾನು ಕೇಳುವ ಮೊದಲೇ ಕಾಲುಂಗುರ ಬಿಚ್ಚಿದಳು, ಎದ್ದು ನಿಂತು ಎರಡೂ ಕೈ ಅಗಲಿಸಿದಳು, ನನ್ನ ಕೈಯನ್ನು ತಾನೇ ಹಿಡಿದು ನಡುವಿಗೆ ಒತ್ತಿಕೊಂಡಳು. ಯಂತ್ರದ ಕೋಣೆಯ ಗಾಜಿನ ಈಚೆ ಮಾಮಾ ಕೂತ. ಗುಳಿಗೆ ಇಲ್ಲದ ಅವನ ಕೈಯ ಹೊಡೆತಕ್ಕೆ ಕುರ್ಚಿಯ ಹಿಡಿಕೆ ಡೋಲಿನಂತೆ ಬಡಿಯುತ್ತಿತ್ತು. ಹತ್ತು ನಿಮಿಷಕ್ಕೆ ತಂತ್ರಜ್ಞ ಯಂತ್ರ ನಿಲ್ಲಿಸಿದ. ನಾನು ಬಾಗಿಲ ಕಡೆ ಓಡಿದೆ. ಚಿತ್ರವೆಲ್ಲ ಕಲಸಿಹೋಗಿದೆ, ಅತ್ತಿಯ ತಲೆ ಅಲುಗಾಡುತ್ತಿದೆ ಎಂದ. ಮೈಕು ಹಚ್ಚಿದ. ಗೊರಕೆ ಕೇಳಿಸಿತು.

ನಾವು ನಕ್ಕ ನಗುವಿಗೆ ಹೊರಗಿನ ಸಾಲಿನಲ್ಲಿದ್ದವರು ಎದ್ದು ಬಂದು ನೋಡಿದರು. ಮಾಮಾನಂತೂ ಕಣ್ಣೊರೆಸಿಕೊಳ್ಳಲು ಕೈ ನಿಲ್ಲದೆ, ನನ್ನ ಓಢಣಿಯಲ್ಲಿ ಮುಖ ಇಟ್ಟ. ಅತ್ತಿಯನ್ನು ಎಬ್ಬಿಸಿ ಮೊದಲಿನಿಂದ ಮಾಡಬೇಕಾಯಿತು.

ಆಮೇಲೆ ಅವನು ಮಲಗಿದ, ಬರಿದಿಂಬಿನ ಮೇಲೆ. ನಲವತ್ತೈದು ನಿಮಿಷ ಯಂತ್ರ ಗುದ್ದಿತು, ಕೂಗಿತು. ನಾನು ಗಾಜಿನಿಂದ ಕಣ್ಣು ತೆಗೆಯಲಿಲ್ಲ. ಹೊರಗೆ ಬಂದವನು ಡಾಕ್ಟರಮ್ಮನನ್ನು ಸಿಕ್ಕಿತೇ ಎಂದು ಕೇಳಿದ. ಒಂದು ತಲೆಯಲ್ಲಿ ಸಿಗುವುದಿಲ್ಲ, ಬಹಳ ತಲೆ ಬೇಕು ಎಂದರು ಅವರು. ನಮ್ಮ ಕಡೆ ತಲೆಗೇನು ಕಡಿಮೆ ಎಂದ ಮಾಮಾ.

ಪತ್ರವನ್ನು ನಾನು ಕೊಡಲಿಲ್ಲ. ಅತ್ತಿಯೇ ಅದನ್ನು ನನ್ನ ಚೀಲದಲ್ಲಿ ಕಂಡು, ಓದಿಸಿ ಕೇಳಿ ಹರಿದು ಹಾಕಿದಳು. "ನಿನಗ ಹಿರ್‍ಯಾರ ಮೈ ತಡವಾಕ ನಾಚಿಕಿ ಬೇ," ಎಂದಳು. "ನನಗೇನ ಐತಿ?"

ಅಂದಿನಿಂದ ಹಳ್ಳಿಯ ಹೆಣ್ಣುಮಕ್ಕಳು ಬರುವ ದಿನ ಅತ್ತಿಯೂ ಜೀಪಿನಲ್ಲಿ ಬರುತ್ತಾಳೆ. ಬಾಗಿಲಲ್ಲಿ ಸೆರಗು ಸಿಕ್ಕಿಸಿಕೊಂಡು ನಿಂತು ಒಬ್ಬೊಬ್ಬರ ನಡು, ಮುಡಿ, ಬಳೆಸಂದು ತಡವಿ ನೋಡುತ್ತಾಳೆ. ಯಾಕೆ ಎಂದು ಕೇಳಿದವರಿಗೂ ಕೇಳದವರಿಗೂ ಪೂರ್ತಿ ಹೇಳುತ್ತಾಳೆ. ಅಥಣಿಯ ದ್ರಾಕ್ಷಿ ತೋಟದ ಶ್ರೀಮಂತ ಹೆಣ್ಣುಮಗಳೊಬ್ಬಳ ಕುಪ್ಪಸದಿಂದ ಹನ್ನೊಂದು ಸೇಫ್ಟಿಪಿನ್ ತೆಗೆದಳು. ಹೋದ ವಾರ ಡಾಕ್ಟರಮ್ಮ ಅವಸರದಲ್ಲಿ ಒಳಗೆ ನುಗ್ಗಲು ಬಂದರು. ಅತ್ತಿ ಬಾಗಿಲಿಗೆ ಅಡ್ಡ ಕೈ ಚಾಚಿದಳು. ಡಾಕ್ಟರಮ್ಮ ಎರಡೂ ಕೈ ಮೇಲೆತ್ತಿ ನಿಂತರು.